ಗೋವಾಕ್ಕೆ ಹೊರಟ ತಮ್ಮನಿಗೆ

ತಮ್ಮಾ, ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿಯಿಂದ ಗೋವಾ ಬಸ್ಸು ಹತ್ತುವ ಹುಡುಗರ ಬಾಯಲ್ಲಿ ಒಂದೇ ಮಾತು: "ಕಾಕಾ, ಗೋವಾದಾಗ ಎಲ್ಲಾ ನಡೀತದ." ನಡೆಯುವುದಿಲ್ಲ. ಅಲ್ಲಿ ಮದ್ಯ ಅಗ್ಗ, ಅಷ್ಟೇ. ಗಾಂಜಾ, ಚರಸ್ಸು, ಎಂಡಿಎಂಎಗೆ ಇರುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಅದು ಕೇಂದ್ರದ್ದು, ಧಾರವಾಡಕ್ಕೂ ಅಂಜುಣಾಕ್ಕೂ ಒಂದೇ. ಆ ಮಾದಕ ವಸ್ತುಗಳ ತಂಟೆಗೆ ಹೋಗಬೇಡ ಅನ್ನುವುದು ನನ್ನ ಮೊದಲ ಮಾತು. ಹೇಳಿದ್ದನ್ನೆಲ್ಲ ಕೇಳುವ ವಯಸ್ಸು ನಿನ್ನದಲ್ಲ, ಆದ್ದರಿಂದ ಉಳಿದದ್ದನ್ನೂ ಹೇಳುತ್ತೇನೆ.

ಈ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕಿಲೋ ಒಳಗಿದ್ದರೆ 'ಸಣ್ಣ ಪ್ರಮಾಣ': ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ': ಕನಿಷ್ಠ 10 ವರ್ಷ. ಇದೇ ಲೆಕ್ಕವನ್ನು ಎಂಡಿಎಂಎಗೆ ಹಾಕಿದೆಯೋ, ಕೆಟ್ಟೆ. ಅದರ ಸಣ್ಣ ಪ್ರಮಾಣ ಅರ್ಧ ಗ್ರಾಂ. 10 ಗ್ರಾಂ ದಾಟಿದರೆ ವಾಣಿಜ್ಯ. ಬೆರಕೆ ಮಾಲಾಗಿದ್ದರೆ ಬೆರೆಸಿದ ಪುಡಿಯ ತೂಕವೂ ಸೇರುತ್ತದೆಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ವಾಣಿಜ್ಯ ಪ್ರಮಾಣ ಅಂದಮೇಲೆ ಕಲಂ 37 ಅಡ್ಡ ಬರುತ್ತದೆ, ಜಾಮೀನು ಬಹಳ ಕಷ್ಟ.

"ಗೆಳೆಯನ ಬ್ಯಾಗು, ನಾನು ಹಿಡಿದುಕೊಂಡಿದ್ದೆ ಅಷ್ಟೇ" ಅನ್ನುತ್ತೀಯ. ಮಾಲು ನಿನ್ನ ವಶದಲ್ಲಿ ಸಿಕ್ಕಿತೆಂದು ಸಾಬೀತಾದರೆ, ನನಗೆ ಗೊತ್ತಿರಲಿಲ್ಲ ಎಂದು ತೋರಿಸಿಕೊಡುವ ಹೊರೆ ನಿನ್ನ ಮೇಲೆಯೇ ಬೀಳುತ್ತದೆ. ಬಾಡಿಗೆ ಸ್ಕೂಟರಿನ ಡಿಕ್ಕಿ ತೆರೆದು ನೋಡಿಯೇ ಹತ್ತು.

ಪೊಲೀಸರು ಹಿಡಿದರು ಅಂತಿಟ್ಟುಕೋ. ಓಡಬೇಡ, ಕೈ ಮಾಡಬೇಡ, ನೋಟು ತೆಗೆಯಬೇಡ. ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ಅದು ನಡೆಯಬೇಕೆಂದು ಕೇಳುವ ಹಕ್ಕು ನಿನಗಿದೆ ಎಂಬುದನ್ನು ಅವರೇ ಹೇಳಬೇಕು. ಅದು ಕಲಂ 50. ಬ್ಯಾಗಿಗೆ ಅದು ಅನ್ವಯಿಸದು. ತಕ್ಕಡಿಯ ಮೇಲೆ ಇಡುವಾಗ ಕಣ್ಣಿಟ್ಟು ನೋಡು: ಪೊಟ್ಟಣ ಸಮೇತ ತೂಗಿದರೋ, ಬಿಚ್ಚಿಯೋ? ಪಂಚರು ಅಲ್ಲೇ ಇದ್ದರೋ, ಆಮೇಲೆ ಬಂದರೋ? ಸೀಲು ಎಲ್ಲಿ ಹಾಕಿದರು? ನಾಳೆ ನಿನ್ನ ವಕೀಲರು ಮೊದಲು ಕೇಳುವುದು ಇವನ್ನೇ. ಪಂಚನಾಮೆ ನಿನಗೆ ಬಾರದ ಭಾಷೆಯಲ್ಲಿದ್ದರೆ ಓದಿ ತಿಳಿಸಿ ಎನ್ನು, ತಿಳಿಯದ್ದಕ್ಕೆ ಸಹಿ ಹಾಕಬೇಡ. ಹೆಸರು, ವಿಳಾಸ ಸರಿಯಾಗಿ ಹೇಳು. ಉಳಿದದ್ದಕ್ಕೆ ವಕೀಲರ ಜೊತೆ ಮಾತಾಡಬೇಕು ಎಂದುಬಿಡು. ತನಿಖಾಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳುತ್ತದೆ, ನಿಜ. ಹಾಗಂತ ಬಾಯಿ ಬಿಡುವ ಅಗತ್ಯವೇನಿದೆ? 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಹೊಡೆದಿದ್ದರೆ ಅಲ್ಲೇ ಹೇಳು.

ಇನ್ನು ವಕೀಲರು. ಠಾಣೆಯ ಗೇಟಿನಲ್ಲಿ ತಾನಾಗಿ ಬಂದು "ನಾಳೆನೇ ಜಾಮೀನು, ಗ್ಯಾರಂಟಿ" ಅನ್ನುವವರನ್ನು ದೂರವಿಡು. ಹಾಗೆ ಕೇಸು ಹುಡುಕಿಕೊಂಡು ಹೋಗುವುದಕ್ಕೂ, ಗೆದ್ದರಷ್ಟೇ ಫೀಸು ಅನ್ನುವುದಕ್ಕೂ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಊರಿನಲ್ಲಿ ನಿಮ್ಮ ಹೊಲದ ತಕರಾರು ನಡೆಸುವ ವಕೀಲರು ಒಳ್ಳೆಯವರೇ ಇರಬಹುದು, ಇದಕ್ಕೆ ಅವರು ಸಾಲದು. ಗೋವಾದ ಕೋರ್ಟಿನಲ್ಲಿ ಎನ್‌ಡಿಪಿಎಸ್ ಮೊಕದ್ದಮೆಯನ್ನು ತೀರ್ಪಿನವರೆಗೆ ನಡೆಸಿದವರು ಬೇಕು. ಎಷ್ಟು ನಡೆಸಿದ್ದೀರಿ ಎಂದು ಕೇಳಲು ನಾಚಬೇಡ. ಜಾಮೀನಿಗೆಷ್ಟು, ವಿಚಾರಣೆಗೆಷ್ಟು, ಬೇರೆಬೇರೆಯಾಗಿ ಬರೆಸಿಕೊ. ಅವರ ಹತ್ತಿರ ಮಾತ್ರ ಸುಳ್ಳು ಹೇಳಬೇಡ.

ದುಡ್ಡಿಲ್ಲವೇ? 15100ಕ್ಕೆ ಫೋನ್ ಮಾಡಿಸು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. ವಾಸ್ಕೋ, ಝುವಾರಿನಗರದ ನಮ್ಮ ಕೂಲಿ ಕುಟುಂಬಗಳಿಗೇ ಇದು ಗೊತ್ತಿಲ್ಲ, ಸಾಲ ಮಾಡುತ್ತಾರೆ.

ನಾಚಿಕೆಗೆ ಮನೆಯವರಿಂದ ಮುಚ್ಚಿಡಬೇಡ. ಬಂಧನದ ಸುದ್ದಿ ಮನೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ನೀನು ನಂಬರು ಕೊಡಬೇಕು, ಅಷ್ಟೇ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಕೊಲ್ವಾಳ ಜೈಲಿನಲ್ಲೇ ಕೂರುವಂತಾಗಬಾರದು. ಹೊರ ರಾಜ್ಯದ ಆಸ್ತಿ ಎಂಬ ಕಾರಣಕ್ಕೆ ಜಾಮೀನುದಾರನನ್ನು ತಳ್ಳಿಹಾಕುವಂತಿಲ್ಲವೆಂದು 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪ ಊರು ಬಿಡುವಾಗ ಹೊಲದ ಪಹಣಿ, ಆಧಾರ್ ಕಾರ್ಡು, ಎರಡು ಫೋಟೊ ಚೀಲದಲ್ಲಿ ಹಾಕಿಕೊಂಡೇ ಬರಲಿ.