ವರ್ಣಮಾಲೆಯ ವರ್ಗಗಳೂ ಧಾತುಗಳ ಆವರ್ತಕ ಕೋಷ್ಟಕವೂ

ಬಾಗಲೂರು ಎಂಬ ಹೆಸರನ್ನು ತಮಿಳು ಲಿಪಿಯಲ್ಲಿ ಬರೆದಾಗ ಬಕಾರದ ಸ್ಥಾನದಲ್ಲಿ ಪಕಾರವೂ ಗಕಾರದ ಸ್ಥಾನದಲ್ಲಿ ಕಕಾರವೂ ಬರುತ್ತವೆ. ಓದುವವರು ಮಾತ್ರ ಬಾಗಲೂರು ಎಂದೇ ಉಚ್ಚರಿಸುತ್ತಾರೆ. ಗಕಾರಕ್ಕೆ ಚಕಾರವಾಗಲಿ ತಕಾರವಾಗಲಿ ಬಾರದೆ ಕಕಾರವೇ ಬರುವುದಕ್ಕೆ ಕಾರಣವಿದೆ: ಕ, ಗ ಎರಡೂ ಒಂದೇ ವರ್ಗಕ್ಕೆ ಸೇರಿದವು. ಅಕ್ಷರದ ಸ್ಥಾನವೇ ಅದರ ಗುಣವನ್ನು ಸೂಚಿಸುತ್ತದೆ. ರಸಾಯನಶಾಸ್ತ್ರದ ಆವರ್ತಕ ಕೋಷ್ಟಕವೂ ಇದೇ ತತ್ತ್ವದ ಮೇಲೆ ನಿಂತಿದೆ.

ಅಕ್ಷರಗಳ ವ್ಯವಸ್ಥೆ

ವರ್ಗೀಯ ವ್ಯಂಜನಗಳು 25. ಮೇಲಿನಿಂದ ಕೆಳಕ್ಕೆ ಸಾಗಿದಂತೆ ಉಚ್ಚಾರಣಸ್ಥಾನವು ಕಂಠದಿಂದ ತುಟಿಯ ಕಡೆಗೆ ಬರುತ್ತದೆ. ಎಡದಿಂದ ಬಲಕ್ಕೆ ಅಲ್ಪಪ್ರಾಣ, ಮಹಾಪ್ರಾಣ, ಘೋಷ, ಅನುನಾಸಿಕ ಎಂಬ ಭೇದಗಳು ಕ್ರಮವಾಗಿ ತೋರುತ್ತವೆ. ಒಂದೇ ಲಂಬಸಾಲಿನ ಅಕ್ಷರಗಳ ವರ್ತನೆಯೂ ಸಮಾನ. ಮಳೆ+ಕಾಲ ‘ಮಳೆಗಾಲ’ವಾಗುತ್ತದೆ, ಬೆಟ್ಟ+ತಾವರೆ ‘ಬೆಟ್ಟದಾವರೆ’ಯಾಗುತ್ತದೆ, ಕಣ್+ಪನಿ ‘ಕಂಬನಿ’ಯಾಗುತ್ತದೆ. ಕ, ತ, ಪಗಳಿಗೆ ಗ, ದ, ಬಗಳು ಬರುವ ಆದೇಶಸಂಧಿಯೆಂದರೆ ವರ್ಗದ ಪ್ರಥಮಾಕ್ಷರಕ್ಕೆ ತೃತೀಯಾಕ್ಷರ ಬರುವುದೇ ಆಗಿದೆ.

ಧಾತುಗಳ ವ್ಯವಸ್ಥೆ

1869ರಲ್ಲಿ ರಷ್ಯಾದ ದ್ಮಿತ್ರಿ ಮೆಂಡಲೀವ್ ಅಂದು ತಿಳಿದಿದ್ದ ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿಟ್ಟು, ಗುಣಗಳು ನಿಯತವಾಗಿ ಮರುಕಳಿಸುವುದನ್ನು ತೋರಿಸಿದನು. ಇಂದಿನ ಕೋಷ್ಟಕಕ್ಕೆ ಪರಮಾಣು ಸಂಖ್ಯೆಯೇ ಆಧಾರ. ಇದರ ಅಡ್ಡಸಾಲು ಆವರ್ತ, ಲಂಬಸಾಲು ಗುಂಪು.

ಆವರ್ತದಲ್ಲಿ ಬಲಕ್ಕೆ ಸಾಗಿದಂತೆ ಬೀಜಕೇಂದ್ರದ ಧನಾವೇಶ ಹೆಚ್ಚಿ ಇಲೆಕ್ಟ್ರಾನುಗಳನ್ನು ಬಿಗಿಯಾಗಿ ಸೆಳೆಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪರಮಾಣುವಿನ ಗಾತ್ರ ಕುಗ್ಗುತ್ತದೆ, ಲೋಹೀಯ ಗುಣ ಕಡಿಮೆಯಾಗುತ್ತದೆ. ಗುಂಪಿನಲ್ಲಿ ಕೆಳಗಿಳಿದಂತೆ ಹೊಸ ಕವಚ ಸೇರಿ ಗಾತ್ರ ಹಿಗ್ಗುತ್ತದೆ. ಹೊರಗಿನ ಇಲೆಕ್ಟ್ರಾನನ್ನು ಬಿಡಿಸುವುದು ಸುಲಭವಾಗುತ್ತದೆ. ಸೋಡಿಯಂಗಿಂತ ಅದರ ಕೆಳಗಿನ ಪೊಟ್ಯಾಸಿಯಂ ನೀರಿನೊಡನೆ ತೀವ್ರವಾಗಿ ವರ್ತಿಸುವುದು ಈ ಕಾರಣದಿಂದ.

ಖಾಲಿ ಮನೆಗಳು

ಮೆಂಡಲೀವನ ಹಿರಿಮೆಯಿರುವುದು ಅವನು ಖಾಲಿ ಬಿಟ್ಟ ಮನೆಗಳಲ್ಲಿ. ಕಾಣದ ಧಾತುಗಳಿಗೆ ಅವನು ಸಂಸ್ಕೃತದ ‘ಏಕ’ ಶಬ್ದವನ್ನು ಸೇರಿಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟನು. ಅವು ಕ್ರಮವಾಗಿ ಗ್ಯಾಲಿಯಂ (1875), ಸ್ಕ್ಯಾಂಡಿಯಂ (1879), ಜರ್ಮೇನಿಯಂ (1886) ಎಂದು ದೊರೆತವು. ಗ್ಯಾಲಿಯಂ ಕಂಡುಹಿಡಿದ ಬ್ವಾಬೊದ್ರಾನ್ ಮೊದಲು ಅದರ ಸಾಂದ್ರತೆ 4.7 ಎಂದನು. ಮೆಂಡಲೀವ್ ಅದು 5.9ರಷ್ಟು ಇರಬೇಕೆಂದನು, ಶುದ್ಧ ಲೋಹವನ್ನು ಮತ್ತೆ ಅಳೆದಾಗ 5.9 ಎಂದೇ ಬಂದಿತು. ಸಂಸ್ಕೃತ ವರ್ಣಮಾಲೆಯ ವಿನ್ಯಾಸ ಅವನಿಗೆ ಪ್ರೇರಣೆಯಾಗಿರಬಹುದೆಂದು ಭಾಷಾವಿಜ್ಞಾನಿ ಪಾಲ್ ಕಿಪಾರ್ಸ್ಕಿ ಊಹಿಸಿದ್ದಾರೆ. ಅದು ಊಹೆಯೇ ಹೊರತು ಸಿದ್ಧಾಂತವಲ್ಲ.

ತಮಿಳಿನ ವರ್ಗಗಳಲ್ಲೂ, ಗ್ರಂಥಾಕ್ಷರಗಳನ್ನು ಬಿಟ್ಟರೆ, ಮೊದಲ ಮತ್ತು ಕೊನೆಯ ಅಕ್ಷರಗಳಷ್ಟೇ ಇದ್ದು ನಡುವಿನ ಮೂರು ಮನೆಗಳು ಖಾಲಿ. ಆದರೆ ಎರಡು ಬಗೆಯ ಖಾಲಿತನವೂ ಒಂದಲ್ಲ. ಮೆಂಡಲೀವನ ಖಾಲಿ ಮನೆ ಮುಂದೆ ದೊರೆಯಬೇಕಾದ ಧಾತುವಿನದು. ತಮಿಳಿನಲ್ಲಿ ಗಕಾರದ ಧ್ವನಿ ಮಾತಿನಲ್ಲಿ ಇದ್ದೇ ಇದೆ. ನೆರೆಯ ಧ್ವನಿಗಳಿಂದ ಓದುಗನಿಗೆ ತಿಳಿಯುವುದರಿಂದ ಅದಕ್ಕೆ ಬೇರೆ ಅಕ್ಷರ ಬೇಕಾಗಿಲ್ಲ. ಎರಡು ಲಿಪಿಗಳನ್ನೂ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಈ ಭೇದ ನಿತ್ಯದ ಅನುಭವ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆ ಬರಿಯ ಪಟ್ಟಿಯಲ್ಲ, ಶಾಸ್ತ್ರ ಎಂಬುದೂ ಇಲ್ಲಿಯೇ ಮನವರಿಕೆಯಾಗುತ್ತದೆ.

ಅಭ್ಯಾಸ

1. ಆದೇಶಸಂಧಿಯನ್ನು ವರ್ಗಾಕ್ಷರಗಳ ಸ್ಥಾನದ ಆಧಾರದಿಂದ ವಿವರಿಸಿರಿ.
2. ನಿಮ್ಮ ಸುತ್ತಲಿನ ಐದು ಊರುಗಳ ಹೆಸರುಗಳನ್ನು ಎರಡೂ ಲಿಪಿಗಳಲ್ಲಿ ಬರೆದು ವ್ಯತ್ಯಾಸಗಳನ್ನು ಗುರುತಿಸಿರಿ.