ಜೇಡವೂ ಊಟ ಬಿಟ್ಟಿದೆ, ಮಗಳೂ ಬಿಟ್ಟಿದ್ದಾಳೆ

ಪ್ರಶ್ನೆ: ನಾವಿರುವುದು ಬೆನ್ಸನ್ ಟೌನಿನಲ್ಲಿ. ಮಗಳು ಒಂಬತ್ತನೇ ತರಗತಿ. ಕಳೆದ ವರ್ಷ ಅವಳ ಸೋದರಮಾವ ಒಂದು ಟರಾಂಟುಲಾ ಮರಿ ತಂದುಕೊಟ್ಟ. ಮೆಕ್ಸಿಕೋ ದೇಶದ್ದಂತೆ, ದೊಡ್ಡದಾದರೆ ಮೊಣಕಾಲು ಕೆಂಪಾಗುತ್ತದಂತೆ. ಈಗ ಕಾಲು ಚಾಚಿದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಮೂರು ವಾರದಿಂದ ಏನೂ ತಿಂದಿಲ್ಲ. ಕ್ರಿಕೆಟ್ ಹುಳ ಹತ್ತಿರ ಬಂದರೆ ಹಿಂದೆ ಸರಿಯುತ್ತದೆ. ಮೈ ಮಂಕಾಗಿದೆ, ಹೊಟ್ಟೆಯ ಹಿಂಭಾಗ ಕಪ್ಪಾಗಿದೆ. ಮಗಳೂ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಎದ್ದೆದ್ದು ಟಾರ್ಚ್ ಹಾಕಿ ನೋಡುತ್ತಾಳೆ. ಅವರಪ್ಪ 'ಒಂದು ಹುಳಕ್ಕೆ ಇಷ್ಟೆಲ್ಲ ಬೇಕಾ' ಎಂದು ರೇಗುತ್ತಾರೆ. ನನ್ನ ತವರು ಶಿಡ್ಲಘಟ್ಟದ ಕಡೆ, ರೇಷ್ಮೆಹುಳ ಸಾಕಿದ ಮನೆ. ಆದರೆ ಜೇಡದ ವಿಷಯ ನನಗೇನೂ ಗೊತ್ತಿಲ್ಲ. ಇದಕ್ಕೆ ರೋಗ ಬಂದಿದೆಯೇ? ಡಾಕ್ಟರ ಹತ್ತಿರ ಒಯ್ಯಬೇಕೇ? ಸತ್ತುಹೋದರೆ ಮಗಳನ್ನು ಹೇಗೆ ಸಮಾಧಾನ ಮಾಡಲಿ?
— ಹೆಸರು ಬೇಡ, ಬೆನ್ಸನ್ ಟೌನ್

ಉತ್ತರ: ಅಮ್ಮಾ, ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ಮನೆಯ ಜೇಡ ಪೊರೆ ಬಿಡಲು ತಯಾರಾಗುತ್ತಿದೆ. ಡಾಕ್ಟರೂ ಬೇಡ, ಔಷಧವೂ ಬೇಡ. ಮೊದಲು ಆ ಡಬ್ಬಿಯೊಳಗೆ ಉಳಿದಿರುವ ಕ್ರಿಕೆಟ್ ಹುಳವನ್ನು ಹೊರಗೆ ತೆಗೆಯಿರಿ. ಈ ಪತ್ರ ಓದಿದ ತಕ್ಷಣ ಮಾಡಬೇಕಾದ ಕೆಲಸ ಅದು. ಪೊರೆ ಬಿಡುವ ಹೊತ್ತಿನಲ್ಲಿ ಜೇಡಕ್ಕೆ ಓಡುವ ಶಕ್ತಿಯೂ ಇರುವುದಿಲ್ಲ, ಕಚ್ಚುವ ಹಲ್ಲೂ ಗಟ್ಟಿಯಿರುವುದಿಲ್ಲ. ಹಸಿದ ಕ್ರಿಕೆಟ್ ಅದರ ಮೆತ್ತನೆಯ ಮೈಯನ್ನೇ ಕಡಿದು ತಿನ್ನುತ್ತದೆ. ಮೀಲ್‌ವರ್ಮ್ ಹಾಕಿದ್ದರೆ ಅದು ಮಣ್ಣಿನಡಿ ಅಡಗಿರಬಹುದು, ಕೆದಕಿ ನೋಡಿ.

ನಿಮ್ಮ ತವರಿನಲ್ಲಿ ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಏನು ಮಾಡುತ್ತಿದ್ದರು, ನೆನಪಿಸಿಕೊಳ್ಳಿ. ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಿದ್ದರು, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಿದ್ದರು, ತಟ್ಟೆ ಅಲುಗಾಡಿಸಲು ಮಕ್ಕಳನ್ನು ಬಿಡುತ್ತಿರಲಿಲ್ಲ. ತಲೆಯೆತ್ತಿ ಕದಲದೆ ಕೂತ ಹುಳವನ್ನು ನೋಡಿ ಯಾರೂ ಗಾಬರಿಯಾಗುತ್ತಿರಲಿಲ್ಲ, ಎಲ್ಲವೂ ಎದ್ದ ಮೇಲೆ ಮತ್ತೆ ಸೊಪ್ಪು. ಜೇಡದ ವಿಷಯ ಏನೂ ಗೊತ್ತಿಲ್ಲ ಎಂದಿದ್ದೀರಿ, ಆದರೆ ಮುಖ್ಯವಾದದ್ದು ನಿಮಗೆ ಆಗಲೇ ಗೊತ್ತಿದೆ. ವ್ಯತ್ಯಾಸ ಇಷ್ಟೇ: ರೇಷ್ಮೆಹುಳ ನಾಲ್ಕು ಜ್ವರ ಮುಗಿಸಿ ಗೂಡು ಕಟ್ಟುತ್ತದೆ, ಪ್ರತಿ ಜ್ವರವೂ ಹೆಚ್ಚುಕಡಿಮೆ ಒಂದು ದಿನದ್ದು. ಟರಾಂಟುಲಾದ ಉಪವಾಸ ವಾರಗಟ್ಟಲೆ ಸಾಗುತ್ತದೆ, ದೊಡ್ಡದಾದ ಮೇಲೆ ತಿಂಗಳುಗಟ್ಟಲೆಯೂ ಆಗಬಹುದು. ಹೊಟ್ಟೆ ದುಂಡಗಿದೆ, ಬಟ್ಟಲಲ್ಲಿ ನೀರಿದೆ ಎಂದಾದರೆ ಮೂರು ವಾರ ಏನೇನೂ ಅಲ್ಲ.

ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಮಗಳಿಗೆ ಹೇಳಿ. ಕಾರಣ ತಿಳಿದರೆ ಅವಳ ಅರ್ಧ ಭಯ ಹೋಗುತ್ತದೆ. ಜೇಡಕ್ಕೆ ನಮ್ಮ ಹಾಗೆ ಒಳಗೆ ಮೂಳೆಯಿಲ್ಲ. ಹೊರಗಿನ ಗಟ್ಟಿ ಚರ್ಮವೇ ಅದರ ಅಸ್ಥಿಪಂಜರ. ಅದು ಹಿಗ್ಗುವುದಿಲ್ಲ, ಆದ್ದರಿಂದ ಬೆಳೆಯಬೇಕಾದರೆ ಕಳಚಲೇಬೇಕು. ಹಳೆಯದರ ಕೆಳಗೆ ಹೊಸ ಚರ್ಮ, ಹೊಸ ಕೂದಲು ಸಿದ್ಧವಾಗುತ್ತವೆ. ಹೊಟ್ಟೆಯ ಹಿಂಭಾಗ ಕಪ್ಪಾಗಿದೆ ಎಂದಿರಲ್ಲ, ಅದು ಕೊಳೆತದ್ದಲ್ಲ. ಹಳೆಯ ಚರ್ಮದ ಹಿಂದಿನಿಂದ ಹೊಸ ಕೂದಲು ಕಾಣುತ್ತಿರುವುದು.

ಗಳಿಗೆ ಬಂದಾಗ ಅದು ನೆಲದ ಮೇಲೆ ಬಲೆಯ ಚಾಪೆ ನೇಯ್ದು, ಅದರ ಮೇಲೆ ಅಂಗಾತ ಮಲಗುತ್ತದೆ. ಎಷ್ಟೋ ಮನೆಗಳಲ್ಲಿ ಸತ್ತಿತೆಂದು ತಿಳಿದು ಜೀವಂತ ಜೇಡವನ್ನು ಎಸೆದುಬಿಡುವುದು ಈ ಹೊತ್ತಿನಲ್ಲಿಯೇ. ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ, ಮನೆಗೆಲಸಕ್ಕೆ ಬರುವವರಿಗೂ ಹೇಳಿ: ಅಂಗಾತ ಮಲಗಿದ್ದರೆ ಮುಟ್ಟಬಾರದು, ಮಗುಚಬಾರದು, ಡಬ್ಬಿ ಎತ್ತಬಾರದು. ಸಾಯುವ ಜೇಡ ಸಾಮಾನ್ಯವಾಗಿ ನೆಟ್ಟಗೇ ಇದ್ದು, ಎಂಟೂ ಕಾಲನ್ನು ಹೊಟ್ಟೆಯಡಿಗೆ ಮುದುಡಿಕೊಳ್ಳುತ್ತದೆ. ಜೇಡ ಕಾಲು ಚಾಚುವುದು ಮುಖ್ಯವಾಗಿ ಮೈಯೊಳಗಿನ ದ್ರವದ ಒತ್ತಡದಿಂದ. ನೀರು ಬತ್ತಿ ಒತ್ತಡ ಇಳಿದರೆ ಕಾಲು ತಾನಾಗಿಯೇ ಮುದುಡುತ್ತದೆ. ಹಾಗೆ ಕಂಡರೆ ಮಾತ್ರ ಮೆಲ್ಲಗೆ ಎತ್ತಿ, ಬಾಯಿ ನೀರಿಗೆ ತಾಗುವಂತೆ ಬಟ್ಟಲಿನ ಅಂಚಿನಲ್ಲಿಡಿ. ಹೊಟ್ಟೆಯ ಅಡಿಭಾಗ ನೀರಿನಲ್ಲಿ ಮುಳುಗಬಾರದು. ಅಲ್ಲಿ ಬಿಳಿಚಿಕೊಂಡು ಕಾಣುವ ನಾಲ್ಕು ಕಲೆಗಳೇ ಅದರ ಉಸಿರಾಟದ ಅಂಗಗಳು.

ಮಗಳಿಗೆ ಅದೃಷ್ಟವಿದ್ದರೆ ಪೊರೆ ಕಳಚುವುದನ್ನು ಕಣ್ಣಾರೆ ನೋಡಿಯಾಳು. ಜೇಡ ಹೊಟ್ಟೆಯಲ್ಲಿರುವ ದ್ರವವನ್ನು ಮುಂಭಾಗಕ್ಕೆ ಒತ್ತುತ್ತದೆ. ತಲೆಯ ಮೇಲಿನ ಚಿಪ್ಪು ಅಂಚಿನಲ್ಲಿ ಬಿರಿದು ಮೇಲೇಳುತ್ತದೆ, ಹೊಟ್ಟೆಯ ಚರ್ಮ ಪಕ್ಕದಲ್ಲಿ ಸೀಳುತ್ತದೆ. ಆಮೇಲೆ ಎಂಟು ಕಾಲು, ಬಾಯಿಯ ಪಕ್ಕದ ಎರಡು ಕೈಗಳು, ಹಲ್ಲು, ಎಲ್ಲವನ್ನೂ ಒಟ್ಟಿಗೆ ಸ್ವಲ್ಪಸ್ವಲ್ಪವೇ ಎಳೆದುಕೊಳ್ಳುತ್ತದೆ. ಎಳೆದು ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ಹೊರಚರ್ಮ ಮಾತ್ರವಲ್ಲ, ಹೀರುವ ಹೊಟ್ಟೆಯ ಒಳಪದರ, ಉಸಿರಾಟದ ಅಂಗಗಳ ಒಳಪದರ ಕೂಡ ಪೊರೆಯ ಜೊತೆ ಬರುತ್ತವೆ. ಇಷ್ಟು ಸೂಕ್ಷ್ಮವಾದ ಕೆಲಸ ಮುಗಿಸಿ ಹೊರಬಂದ ಮರಿಯ ಹಲ್ಲು ಹಾಲಿನ ಬಿಳುಪಾಗಿರುತ್ತದೆ. ಮುಂದಿನ ದಿನಗಳಲ್ಲಿ ಅದು ಕೆಂಪಾಗಿ, ಕಡೆಗೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಆಹಾರ ಕೊಡಕೂಡದು. ಈ ಗಾತ್ರದ ಮರಿಗೆ ಒಂದು ವಾರ, ಹತ್ತು ದಿನ ಕಾದರೆ ಸಾಕು. ನೀರು ಮಾತ್ರ ಮೊದಲ ದಿನದಿಂದಲೇ ಇರಲಿ. ಮೊದಲ ಊಟಕ್ಕೆ ಜೇಡದ ಹೊಟ್ಟೆಗಿಂತ ಚಿಕ್ಕದಾದ, ಸಾಯಿಸಿದ ಹುಳ ಸಾಕು. ತಿನ್ನದಿದ್ದರೆ ಮರುದಿನ ತೆಗೆದುಬಿಡಿ.

ಒಂದು ಕಾಲು ಪೊರೆಯಲ್ಲಿ ಸಿಕ್ಕಿಕೊಂಡರೆ? ಎಳೆಯಬೇಡಿ. ಬಹಳ ಹೊತ್ತಾದರೂ ಬಿಡಿಸಿಕೊಳ್ಳದಿದ್ದರೆ ಚಿತ್ರ ಬರೆಯುವ ಸಣ್ಣ ಬ್ರಷ್ಷಿನ ತುದಿಯನ್ನು ನೀರಿನಲ್ಲಿ ಅದ್ದಿ ಆ ಜಾಗವನ್ನಷ್ಟೇ ಒದ್ದೆ ಮಾಡಿ. ಜೇಡ ಕಾಲನ್ನೇ ಕಳಚಿಕೊಂಡರೂ ಎದೆಗೆಡಬೇಡಿ. ಎಳೆಯ ಜೇಡಕ್ಕೆ ಮುಂದಿನ ಪೊರೆಯ ಹೊತ್ತಿಗೆ ಅಲ್ಲಿ ಸಣ್ಣ ಕಾಲು ಮೂಡುತ್ತದೆ, ಒಂದೆರಡು ಪೊರೆಯಲ್ಲಿ ಸರಿಹೋಗುತ್ತದೆ.

ಡಬ್ಬಿಯ ತುಂಬ ನೀರು ಚಿಮುಕಿಸುವ ಅಭ್ಯಾಸ ಅನೇಕರಿಗಿದೆ. ಅದು ಬೇಡ. ಗೊಬ್ಬರ ಬೆರೆಸದ ಕೋಕೋಪೀಟ್ ಹಾಕಿ, ಒಂದು ಮೂಲೆ ಮಾತ್ರ ತೇವವಿರಲಿ, ಗಾಳಿಯಾಡಲಿ. ಬೆಂಗಳೂರಿನ ಚಳಿಗೆ ಹೆದರಿ ಬಲ್ಬು ಉರಿಸಬೇಡಿ. ನಮ್ಮ ಮನೆಗಳ ಶಾಖ ಅದಕ್ಕೆ ಸಾಕು. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಮಣ್ಣಿನಿಂದ ಮುಚ್ಚಳದವರೆಗಿನ ಎತ್ತರ ಜೇಡದ ಕಾಲಳತೆಯ ಒಂದೂವರೆ ಪಟ್ಟು ಮೀರದಿರಲಿ. ಎತ್ತರದಿಂದ ಬಿದ್ದರೆ ತೆಳ್ಳನೆಯ ಹೊಟ್ಟೆ ಒಡೆಯುತ್ತದೆ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಚಿಂತೆ ಸೊಳ್ಳೆ ಮದ್ದಿನದು. ಕಂಟೋನ್ಮೆಂಟ್ ಕಡೆಯ ಹಳೆಯ ಮನೆಗಳು, ಸುತ್ತ ಮರಗಿಡ, ಸೊಳ್ಳೆ ಇದ್ದದ್ದೇ. ಡೆಂಗಿ ಹೆಚ್ಚಾದರೆ ಬೀದಿಗೆ ಹೊಗೆ ಹಾಕುವವರು ಬರುತ್ತಾರೆ. ಹುಳಗಳನ್ನು ಕೊಲ್ಲುವ ಆ ರಾಸಾಯನಿಕ ಜೇಡವನ್ನೂ ಕೊಲ್ಲುತ್ತದೆ. ಹೊಗೆಯ ಗಾಡಿಯ ಸದ್ದು ಕೇಳಿದೊಡನೆ ಆ ಕೋಣೆಯ ಕಿಟಕಿ ಮುಚ್ಚಿ. ಜೇಡವಿರುವ ಕೋಣೆಯಲ್ಲಿ ಕಾಯಿಲ್, ಲಿಕ್ವಿಡ್, ಸ್ಪ್ರೇ ಯಾವುದೂ ಬೇಡ, ಮಗಳ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ. ನಾಯಿಗೆ ಚಿಗಟದ ಔಷಧ ಹಚ್ಚಿದ ಕೈಯಲ್ಲಿ ಡಬ್ಬಿ ತೆರೆಯಬೇಡಿ. ತೋಟದಲ್ಲಿ ಹಿಡಿದ ಮಿಡತೆಯನ್ನು ಅದಕ್ಕೆ ಹಾಕಬೇಡಿ. ಅದು ಎಲ್ಲೆಲ್ಲಿ ಮದ್ದು ಮೆಟ್ಟಿ ಬಂದಿದೆಯೋ!

ಇನ್ನು ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ಮಾತು. ನೀವು ವರ್ಣಿಸಿದ ಕೆಂಪು ಮೊಣಕಾಲಿನ ಜೇಡ ಬ್ರ್ಯಾಕಿಪೆಲ್ಮಾ ಕುಲದ್ದಿರಬೇಕು. ಈ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣದಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಇಂಥ ಪ್ರಾಣಿಗಳು ನಾಲ್ಕನೇ ಅನುಸೂಚಿಯಲ್ಲಿ ಬರುತ್ತವೆ. ಇಟ್ಟುಕೊಂಡವರು ಪರಿವೇಶ್ ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕೆಂದು 2024ರ ನಿಯಮಗಳು ಹೇಳುತ್ತವೆ. ಇಂಥ ಜೇಡಗಳು ಕಳ್ಳದಾರಿಯಲ್ಲೂ ಬರುತ್ತವೆ: 2021ರ ಜುಲೈನಲ್ಲಿ ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆ ಪೊಟ್ಟಣದಲ್ಲಿ ಕಸ್ಟಮ್ಸ್‌ನವರಿಗೆ 107 ಜೀವಂತ ಜೇಡಗಳು ಸಿಕ್ಕವು. ಒಂದೊಂದು ಸೀಸೆಯಲ್ಲಿ ಒಂದೊಂದು, ಹತ್ತಿ ಮತ್ತು ಬೆಳ್ಳಿಬಣ್ಣದ ಹಾಳೆ ಸುತ್ತಿದ್ದು. ನಿಮ್ಮ ತಮ್ಮನನ್ನು ಕೂರಿಸಿಕೊಂಡು, ಈ ಮರಿ ಯಾರಿಂದ ಬಂತು, ಕಾಗದಪತ್ರ ಏನಿದೆ ಎಂದು ಬಿಡಿಸಿ ಕೇಳಿ. ಪತ್ರ ಇಲ್ಲದಿದ್ದರೆ ಮಲ್ಲೇಶ್ವರದ 18ನೇ ಕ್ರಾಸಿನ ಅರಣ್ಯ ಭವನಕ್ಕೆ ಹೋಗಿ ಮುಂದೇನು ಎಂದು ವಿಚಾರಿಸಿ. ಹೆದರಿಕೊಂಡು ಜಯಮಹಲ್ ಪಾರ್ಕಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಬಿಟ್ಟುಬರಬೇಡಿ. ಅದು ಈ ನೆಲದ ಜೀವಿಯಲ್ಲ.

ಮಗಳಿಗೆ ಜೇಡಗಳ ಮೇಲೆ ಇಷ್ಟು ಪ್ರೀತಿಯಿದ್ದರೆ, ನಮ್ಮ ರಾಜ್ಯದಲ್ಲೇ ಟರಾಂಟುಲಾಗಳಿವೆ ಎಂದು ಅವಳಿಗೆ ತಿಳಿಯಬೇಕು. ಪೀಸಿಲೋಥೀರಿಯಾ ಸ್ಟ್ರಿಯಾಟಾ ಎಂಬ ಮರವಾಸಿ ಜೇಡವನ್ನು ಪೋಕಾಕ್ ಎಂಬ ವಿಜ್ಞಾನಿ 1895ರಲ್ಲೇ ವರ್ಣಿಸಿದ. ಹವ್ಯಾಸಿಗಳು ಅದನ್ನು ಮೈಸೂರಿನ ಹೆಸರಿನಿಂದಲೇ ಕರೆಯುತ್ತಾರೆ. ಪಶ್ಚಿಮ ಘಟ್ಟದ ರಸ್ತೆ ಬದಿಯ ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡುವ ಜಾತಿಗಳೂ ಇವೆ. ಪೀಸಿಲೋಥೀರಿಯಾ ಕುಲವೂ 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರಿತು. ಅವನ್ನು ಹಿಡಿದು ತರುವ ಆಸೆ ಮಾತ್ರ ಬೇಡ, ಅಲ್ಲಿಗೇ ಕರೆದೊಯ್ದು ತೋರಿಸಿ.

ಮಗಳ ವಿಷಯಕ್ಕೆ ಬರುತ್ತೇನೆ. ಅವಳ ದುಃಖ ಚಿಕ್ಕದೆಂದು ಯಾರೂ ಹೇಳಬಾರದು, ಅವರಪ್ಪನಿಗೂ ಈ ಮಾತು ಓದಿ ಹೇಳಿ. ತಾನು ಸಾಕಿದ ಜೀವಕ್ಕೆ ಏನಾಗುತ್ತಿದೆ ಎಂದು ನಿದ್ದೆಗೆಡುವ ಮಗು ಒಳ್ಳೆಯ ಮಗು. ಆದರೆ ರಾತ್ರಿಯ ಟಾರ್ಚ್ ನಿಲ್ಲಬೇಕು. ಬೆಳಕು, ಅಲುಗಾಟ ಎರಡೂ ಜೇಡಕ್ಕೆ ತೊಂದರೆ, ನಿದ್ದೆಗೇಡು ಅವಳಿಗೆ ತೊಂದರೆ. ಒಂದು ನೋಟ್ ಪುಸ್ತಕ ಕೊಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆಯಲಿ: ಊಟ ಬಿಟ್ಟ ದಿನ, ಬಲೆ ನೇಯ್ದ ದಿನ, ಪೊರೆ ಬಿಟ್ಟ ದಿನ, ಹಲ್ಲಿನ ಬಣ್ಣ. ಮರಿಗಳು ವರ್ಷಕ್ಕೆ ಹಲವು ಸಲ ಪೊರೆ ಬಿಡುತ್ತವೆ, ಬೆಳೆದಂತೆ ಅಂತರ ಹೆಚ್ಚುತ್ತದೆ. ಅವಳ ಪುಸ್ತಕವೇ ಮುಂದಿನ ಸಲ ಅವಳಿಗೆ ಧೈರ್ಯ ಹೇಳುತ್ತದೆ. ಪೊರೆಯ ಹೊತ್ತಿನಲ್ಲಿ ಎಲ್ಲ ಎಚ್ಚರ ವಹಿಸಿದರೂ ಮರಿ ಸಾಯುವುದುಂಟು. ಹಾಗಾದರೆ ಅದು ಅವಳ ತಪ್ಪಿನಿಂದಲ್ಲ ಎಂದು ಎರಡು ಸಲ ಹೇಳಿ, ಅಳಲು ಬಿಡಿ.

ಬಿಟ್ಟ ಪೊರೆಯನ್ನು ಎಸೆಯಬೇಡಿ, ಜೇಡ ಗಂಡೋ ಹೆಣ್ಣೋ ಎಂದು ಅದರಿಂದ ತಿಳಿಯಬಹುದು. ಆದರೆ ಅದರಲ್ಲಿ ತುರಿಕೆಯ ಕೂದಲಿರುತ್ತದೆ. ಮುಟ್ಟುವಾಗ ಮಗಳು ಕೈಗವಸು ಹಾಕಿಕೊಳ್ಳಲಿ, ಕಣ್ಣು ಮುಟ್ಟಿಕೊಳ್ಳದಿರಲಿ. ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ನೆನೆಸಿದರೆ ಅದು ಮೆತ್ತಗಾಗುತ್ತದೆ. ಆಗ ಹೊಟ್ಟೆಯ ಭಾಗವನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಲಿ. ಮುಂದಿನ ಎರಡು ಉಸಿರಾಟದ ಕಲೆಗಳ ನಡುವೆ ಸಣ್ಣ ಮಡಿಕೆಯಂಥ ಚೀಲ ಕಂಡರೆ ಹೆಣ್ಣು. ಇಷ್ಟು ಚಿಕ್ಕ ಮರಿಯಲ್ಲಿ ಕಾಣದೇ ಹೋಗಬಹುದು, ಇನ್ನೂ ಒಂದೆರಡು ಪೊರೆ ಕಾಯಬೇಕಾದೀತು. ಹೆಣ್ಣಾದರೆ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಮಗಳು ಓದಲು ಬೇರೆ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ಮನೆಯವರೆಲ್ಲ ಕೂತು ಈಗಲೇ ಮಾತಾಡಿ. ಗಂಡಾದರೆ ಪ್ರಾಯಕ್ಕೆ ಬಂದ ಕೊನೆಯ ಪೊರೆಯ ನಂತರ ಹೆಚ್ಚು ಕಾಲ ಇರುವುದಿಲ್ಲ, ವರ್ಷವೋ ಎರಡು ವರ್ಷವೋ ಅಷ್ಟೆ. ಅದನ್ನು ಮಗಳಿಗೆ ನೀವೇ, ಮುಂಚಿತವಾಗಿ ಹೇಳಿ.