ಅಳತೆ ತಪ್ಪದಿರಲಿ ತಮ್ಮಾ: ವಿಸ್ಕಿ ಕುಡಿಯುವವರಿಗೆ ಕಿವಿಮಾತು

ಶಿಫ್ಟು ಮುಗಿಸಿ ಬಂದವರು, ಲಾರಿ ಬಾಡಿಗೆ ಎಣಿಸಿಕೊಂಡವರು ಸಂಜೆ ಒಂದು ಕ್ವಾರ್ಟರ್ ತರುವುದು ಗಣಿಗಳ ನಡುವಿನ ನಮ್ಮ ಯಶವಂತನಗರಕ್ಕೆ ಹೊಸದಲ್ಲ. ‘ಕುಡಿಯಬೇಡಿ’ ಎಂದರೆ ನನ್ನೆದುರು ತಲೆಯಾಡಿಸಿ, ಆಚೆ ಹೋಗಿ ಕುಡಿಯುತ್ತೀರಿ. ನಾನೂ ಕುಡಿಯುವವನೇ, ಹಾಗಾಗಿ ಹೇಗೆ ಕುಡಿಯಬಾರದು ಎಂಬುದನ್ನಷ್ಟೇ ಹೇಳುತ್ತೇನೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಪಾಕೀಟು ಹೋಯಿತು, ಪಾಕೀಟಿನ ಚಾಳಿ ಹೋಗಲಿಲ್ಲ. ಖಾಲಿ ಹೊಟ್ಟೆಗೆ ಒಂದೇ ಗುಟುಕಿನಲ್ಲಿ ಇಳಿಸಿ ಮೂತಿ ಒರೆಸಿಕೊಳ್ಳುವುದನ್ನು ವಿಸ್ಕಿಗೂ ತಂದುಬಿಟ್ಟೆವು. ಮೊದಲು ಬಿಡಬೇಕಾದ್ದು ಅದನ್ನು.

• ಲೆಕ್ಕ ಗೊತ್ತಿರಲಿ. ನಮ್ಮ ಮಾಮೂಲಿ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ 42.8. ಅಂದರೆ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ, 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಲಿವರ್ ಗಂಟೆಗೆ ಏಳೆಂಟು ಗ್ರಾಂ ಕರಗಿಸಿದರೆ ಹೆಚ್ಚು. ನಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಆ ಗಡಿಯಾರವನ್ನು ಮುಂದೆ ತಳ್ಳುವುದಿಲ್ಲ.

• ಬೆಳಗ್ಗೆ ಲೋಡಿಗೆ ಹೋಗುವವರು ರಾತ್ರಿ ಬಾಟಲಿ ಮುಟ್ಟಲೇಬೇಡಿ. ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಐದಕ್ಕೂ ಅದು ಇರಬಹುದು. ಗಾಡಿ ಓಡಿಸುವಾಗ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ನಿದ್ದೆ ಮಾಡಿ ಎದ್ದೀನಿ ಸಾರ್’ ಎಂದರೆ ಪೊಲೀಸರ ಮಷೀನು ಕೇಳುವುದಿಲ್ಲ.

• ಕಣ್ಣಂದಾಜಿನಲ್ಲಿ ಸುರಿಯಬೇಡಿ. ಮನೆಯಲ್ಲೊಂದು ಪೆಗ್ ಅಳತೆಯ ಕಪ್ಪು ಇಟ್ಟುಕೊಳ್ಳಿ. ನನ್ನದು 60, ಅದೂ ದಿನಾ ಅಲ್ಲ. ಮೊದಲು ವಿಸ್ಕಿ, ಮೇಲೆ ಅದರ ಎರಡರಷ್ಟು ಗಡಿಗೆ ನೀರು. ಐಸಿಲ್ಲ, ಸೋಡಾ ಇಲ್ಲ. ಎರಡು ನಿಮಿಷ ಬಿಟ್ಟರೆ ಘಾಟು ತಗ್ಗಿ ವಾಸನೆ ಬಿಚ್ಚಿಕೊಳ್ಳುತ್ತದೆ. ನಿಮಗೆ ಸೋಡಾನೇ ಸೇರಿದರೆ ಸೋಡಾ ಹಾಕಿಕೊಳ್ಳಿ, ತಕರಾರಿಲ್ಲ. ರಾ ಹೊಡೆಯುವುದು ಗಂಡಸುತನ ಅಂತ ಯಾರಾದರೂ ಹೇಳಿದರೆ ಮಾತ್ರ ಎದ್ದು ಬನ್ನಿ.

• ಊಟ ಮೊದಲು, ಗ್ಲಾಸು ಆಮೇಲೆ. ಒಂದು ಜೋಳದ ರೊಟ್ಟಿ, ಪಲ್ಯ ಒಳಗೆ ಹೋಗಿರಲಿ. ನಂಚಿಕೊಳ್ಳಲು ಬೇಯಿಸಿದ ಶೇಂಗಾ, ಮೊಟ್ಟೆ, ಸೌತೆಕಾಯಿ ಸಾಕು. ಜೇಬು ಗಟ್ಟಿಯಿದ್ದರೆ ಡ್ಯಾಮಿನ ಮೀನು. ಬರೀ ಮಿರ್ಚಿ, ಉಪ್ಪುಖಾರ ತಿಂದರೆ ಬಾಯಾರುತ್ತದೆ, ಬಾಯಾರಿಕೆಗೂ ವಿಸ್ಕಿಯನ್ನೇ ಎತ್ತುತ್ತೀರಿ. ಪಕ್ಕದಲ್ಲೊಂದು ಚೊಂಬು ನೀರಿರಲಿ.

• ಬ್ರ್ಯಾಂಡಿನ ಜಂಭ ಬೇಡ. ನಾವು ಕುಡಿಯುವ ಅಗ್ಗದ ವಿಸ್ಕಿಯ ಮೂಲ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿ. ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟ್ ಬೇರೆಯೇ ಜಾತಿ. ನಮ್ಮ ಬೆಂಗಳೂರಿನ ಅಮೃತ್ ಅದನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ರುಚಿಯಲ್ಲಿ ಅಜಗಜಾಂತರ, ನಿಜ. ಆದರೆ ಅಮೃತ್ ಸಿಂಗಲ್ ಮಾಲ್ಟಿನ ಕಡಕ್ಕು ಶೇ 46. ಲಿವರ್ ಲೇಬಲ್ ಓದುವುದಿಲ್ಲ. ಸಾಲ ಮಾಡಿ ದುಬಾರಿಯದ್ದು ಕುಡಿಯುವವನಷ್ಟು ದಡ್ಡ ಇನ್ನೊಬ್ಬನಿಲ್ಲ.

• ‘ಗಣಿ ಧೂಳು ಎದೆಯಿಂದ ಇಳಿಯುತ್ತೆ’ ಎಂಬ ಮಾತು ನಂಬಬೇಡಿ. ಧೂಳು ಹೋಗುವುದು ಶ್ವಾಸಕೋಶಕ್ಕೆ, ವಿಸ್ಕಿ ಹೋಗುವುದು ಹೊಟ್ಟೆಗೆ. ಧೂಳಿಗೆ ಮದ್ದು ಮೂಗಿಗೆ ಮಾಸ್ಕು.

• ಮಾತ್ರೆ ನುಂಗುವ ದಿನ ಗ್ಲಾಸಿಗೆ ರಜೆ. ನಿದ್ದೆ ಮಾತ್ರೆಯ ಮೇಲೆ ವಿಸ್ಕಿ ಬಿದ್ದರೆ ಉಸಿರೇ ಕುಗ್ಗಬಹುದು, ಶುಗರ್ ಮಾತ್ರೆಯವರಿಗೆ ಶುಗರ್ ದಿಢೀರನೆ ಇಳಿಯಬಹುದು. ಕುಡಿದು ತಲೆನೋವೆಂದು ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಿದರೆ ಪೆಟ್ಟು ಮತ್ತೆ ಲಿವರಿಗೇ.

• ಕಿರಾಣಿ ಅಂಗಡಿಯ ಗೋಣಿಚೀಲದ ಹಿಂದಿನಿಂದ ಬರುವ ಬಾಟಲಿ ಕೊಳ್ಳಬೇಡಿ. ಲೈಸೆನ್ಸ್ ಇರುವ ಅಂಗಡಿಗೆ ಹೋಗಿ, ಸೀಲು ನೋಡಿ, ಎಂಆರ್‌ಪಿ ಕೊಡಿ. ವೈನ್ ಶಾಪಿನಲ್ಲಿ ಕೊಳ್ಳಬಹುದೇ ಹೊರತು ಅಲ್ಲೇ ನಿಂತು ಕುಡಿಯುವಂತಿಲ್ಲ. ಬಾಟಲಿ ತರಲು ಮನೆಯ ಹುಡುಗರನ್ನು ಕಳಿಸಲೇಬೇಡಿ.

• ಹಂಪಿಗೋ ಕುಮಾರಸ್ವಾಮಿ ಗುಡಿಗೋ ನೆಂಟರ ಜೊತೆ ಹೊರಟಾಗ ಡಿಕ್ಕಿಯಲ್ಲಿ ಬಾಟಲಿ ಬೇಡ. ಒಂದು ದಿನ ಬಿಟ್ಟಿರಲು ಆಗುವುದಿಲ್ಲವೆಂದರೆ ಅದನ್ನೇ ಮೊದಲ ಎಚ್ಚರಿಕೆ ಎಂದುಕೊಳ್ಳಿ.

• ಪಗಾರದ ದಿನ ಮೊದಲು ಮನೆಗೆ ಹೋಗಿ. ರೇಷನ್ನು, ಮಕ್ಕಳ ಫೀಸು ಮನೆಯಾಕೆಯ ಕೈಗಿಟ್ಟು, ಉಳಿದದ್ದರಲ್ಲಿ ನಿಮ್ಮ ಶೋಕಿ. ಗ್ಲಾಸು ಕೈಯಲ್ಲಿದ್ದಾಗ ಹೊಲದ ಪಾಲು, ಹಳೇ ಜಗಳದ ಮಾತು ತೆಗೆಯಬೇಡಿ.

• ಬೆಳಗ್ಗೆ ಎದ್ದಾಗ ಕೈ ನಡುಗಿ, ಒಂದು ನೈಂಟಿ ಬಿದ್ದ ಮೇಲೆಯೇ ನಿಂತರೆ ಅದು ಕಾಯಿಲೆ. ನಾಚಿಕೆ ಪಡುವಂಥದ್ದೇನಿಲ್ಲ. ಅಂಥವರು ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರ ಕೈಕೆಳಗೇ ಬಿಡಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

• ಇನ್ನೂ ಗ್ಲಾಸು ಮುಟ್ಟದ ಹುಡುಗನಿಗೆ ಈ ಪಟ್ಟಿಯೇ ಬೇಡ. ‘ಒಂದೇ ಒಂದು ಪೆಗ್ಗು’ ಎಂದು ಅವನನ್ನು ಕೂರಿಸಬೇಡಿ, ಹಾಗೇ ಇರಲು ಬಿಡಿ.